ಬಾಗಿಲಲ್ಲೇ ನಿಂತ ಮಿಸ್ ಮಾರ್ಲೀನ್

೨೦೧೫ನೆಯ ಇಸವಿ ಮೇ ತಿಂಗಳ ಇಪ್ಪತ್ತೇಳನೆಯ ತಾರೀಖು, ಬುಧವಾರ. ಆಧಾರ: ದುಬೈಯಲ್ಲಿ ನನ್ನ ಮೊಮ್ಮಗಳು ಓದುತ್ತಿದ್ದ ಕಥೋಲಿಕ ಶಾಲೆಯವರು ಅಚ್ಚು ಹಾಕಿಸಿ ಹಂಚಿದ್ದ ಆ ವರ್ಷದ ಕ್ಯಾಲೆಂಡರು, ಮೇ ತಿಂಗಳ ಹಾಳೆ, ಕೆಳಗಿನಿಂದ ಎರಡನೆಯ ಸಾಲು. ನನ್ನ ಹೆಂಡತಿ ಸೆವ್ರಿನ್ ಮಾತ್ರ ಅದು ಗುರುವಾರವೆಂದು ಇಂದಿಗೂ ವಾದಿಸುತ್ತಾಳೆ. "ಶುಕ್ರವಾರ ರಜೆ ದಿನದ ಇಗರ್ಜಿ ಪೂಜೆಗೆ ಅಂತ ಇಸ್ತ್ರಿ ಮಾಡಿ ಇಟ್ಟ ಸೀರೆಯನ್ನೇ ಉಟ್ಟುಕೊಂಡು ನಾನು ಆ ದಿನ ಶಾಲೆಗೆ ಓಡಿದ್ದು. ಮತ್ತೆ ರಾತ್ರಿ ಪುನಃ ಇಸ್ತ್ರಿ ಮಾಡಿದ್ದು. ನಿಮಗೆ ಎಂತ ಗೊತ್ತು ಮಾರಾಯ್ರೆ, ನೀವು ಇಸ್ತ್ರಿ ಮಾಡ್ತೀರಾ?" ಎಂಬುದು ಅವಳ ವಾದ. ಸೀರೆಯನ್ನು ಐತಿಹಾಸಿಕ ಆಕರವೆಂದು ಒಪ್ಪುವ ಪದ್ಧತಿ ಸಂಶೋಧನೆಯಲ್ಲಿ ಇನ್ನೂ ಬಂದಿಲ್ಲ. ಕರಾವಳಿಯ ಹಳೆಯ ಇಗರ್ಜಿಗಳ ಜ್ಞಾನಸ್ನಾನದ ದಾಖಲೆಗಳನ್ನು ಓದುವುದರಲ್ಲೇ ಉದ್ಯೋಗಜೀವನ ಕಳೆದ ನನ್ನಂಥವನು ಅಚ್ಚಾದ ಹಾಳೆಯನ್ನು ಬಿಟ್ಟು ಇಸ್ತ್ರಿಯ ನೆನಪನ್ನು ನಂಬುವುದುಂಟೇ?

ಈ ವಿವಾದ ಮತ್ತೆ ತಲೆಯೆತ್ತಿದ್ದು ಮೊನ್ನೆ, ನಾವು ಜೊತೆಗಿರುವ ಮಗಳು ಲವೀನಾ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದಿಂದ ಎದುರಿನ ಇನ್ನೊಂದು ಕಟ್ಟಡಕ್ಕೆ ಮನೆ ಬದಲಾಯಿಸುವಾಗ. ಕಪಾಟಿನ ಮೇಲಿನ ಹಲಗೆಯಿಂದ ಪ್ಲಾಸ್ಟಿಕ್ ಎಲೆಗಳ ಒಂದು ಲಂಗ ನನ್ನ ತಲೆಯ ಮೇಲೆ ಬಿತ್ತು. ಹಸಿರು ಬಣ್ಣ, ಸೊಂಟಕ್ಕೆ ಇಲಾಸ್ಟಿಕ್, ಅಲ್ಲಲ್ಲಿ ಕವಡೆಯಂತೆ ಕಾಣಲೆಂದು ಹೊಲಿದ ಬಿಳಿ ಗುಂಡಿಗಳು. ನಮ್ಮದು ಮರ್ಯಾದಸ್ಥ ಕೊಂಕಣಿ ಕಥೋಲಿಕ ಕುಟುಂಬ. ಇಂಥ ಉಡುಪು ನಮ್ಮ ಕಪಾಟು ಸೇರಿದ್ದು ಹೇಗೆ ಎಂಬುದನ್ನು ಓದುಗರಿಗೆ ವಿವರಿಸುವುದು ನನ್ನ ಕರ್ತವ್ಯ.

ಆ ಶಾಲೆಯ ಪ್ರಾಂಶುಪಾಲೆ ಸಿಸ್ಟರ್ ಬೆನೆಡಿಕ್ಟಾ ಉಡುಪಿ ಕಡೆಯವರು. ಗಟ್ಟಿ ದನಿ, ಗಟ್ಟಿ ಹೆಜ್ಜೆ, ಮೆತ್ತನೆಯ ಮನಸ್ಸು. ಮೂರನೆಯದನ್ನು ಶಾಲೆಯ ಸಮಯದಲ್ಲಿ ಹೊರಗೆ ತೆಗೆಯುತ್ತಿರಲಿಲ್ಲ. ಆ ವರ್ಷ ಇಂಗ್ಲಿಷ್ ಕಲಿಸಲು ಆಸ್ಟ್ರೇಲಿಯಾದಿಂದ ಮಿಸ್ ಮಾರ್ಲೀನ್ ಎಂಬವರು ಬಂದಿದ್ದರು. ಅವರು ಆ ದೇಶದ ಮೂಲನಿವಾಸಿ ಜನಾಂಗದವರು, ಹುಟ್ಟು ಕಥೋಲಿಕರು. ಅಲ್ಲಿಯ ಕಥೋಲಿಕ ಶಾಲೆಗಳಲ್ಲಿ ಮೇ ಇಪ್ಪತ್ತೇಳರಿಂದ ಜೂನ್ ಮೂರರವರೆಗೆ ಒಂದು ಸಪ್ತಾಹ ಆಚರಿಸುತ್ತಾರಂತೆ. ನೆಲದ ಮೊದಲ ಒಡೆಯರನ್ನು ನೆನೆಯುವುದು, ಅವರಿಗೆ ಆದ ಅನ್ಯಾಯವನ್ನು ಒಪ್ಪಿಕೊಳ್ಳುವುದು, ಮುರಿದ ಸಂಬಂಧವನ್ನು ಕೂಡಿಸಿಕೊಳ್ಳುವುದು ಅದರ ಉದ್ದೇಶ. ನಾನು ತಾಳೆ ನೋಡಿದೆ: ಮೇ ಇಪ್ಪತ್ತೇಳು ಅವರನ್ನು ಜನಗಣತಿಗೆ ಸೇರಿಸಿದ ೧೯೬೭ರ ಜನಮತಗಣನೆಯ ದಿನ, ಜೂನ್ ಮೂರು ಅವರ ನೆಲದ ಹಕ್ಕನ್ನು ಒಪ್ಪಿದ ೧೯೯೨ರ ನ್ಯಾಯಾಲಯದ ತೀರ್ಪಿನ ದಿನ. ಎರಡೂ ಸರಿಯಿದ್ದವು. ಇದನ್ನು ಮೊಮ್ಮಗಳು ರಿಯಾಳ ಮೂಲಕ ಶಾಲೆಗೆ ತಿಳಿಸಿದ್ದರ ಫಲವಾಗಿ, ತಾರೀಖು ಗೊತ್ತಿರುವ ಅಜ್ಜನೊಬ್ಬನಿದ್ದಾನೆಂದು ಸಿಸ್ಟರ್ ನನಗೆ ಕರೆ ಕಳುಹಿಸಿದರು.

ನಾನು ಸೆವ್ರಿನ್‌ಳೊಂದಿಗೆ ಅವರ ಕೋಣೆಗೆ ಹೋದಾಗ ಮೇಜಿನ ಮೇಲೆ ಆ ಎಲೆಗಳ ಲಂಗವಿತ್ತು. ಶಾಲೆಯ ವಾರ್ಷಿಕೋತ್ಸವಗಳಲ್ಲಿ 'ಆದಿವಾಸಿ ನೃತ್ಯ' ಎಂಬ ಐಟಂ ಬಂದಾಗಲೆಲ್ಲ, ಆದಿವಾಸಿಗಳು ಯಾವ ಖಂಡದವರೇ ಆಗಿರಲಿ, ಹೊರಬರುತ್ತಿದ್ದದ್ದು ಅದೇ ಲಂಗ.

"ಸೆವ್ರಿನ್ ಬಾಯಿ, ಇದರ ಸೊಂಟ ಒಂಚೂರು ದೊಡ್ಡ ಮಾಡ್ಬೇಕು," ಎಂದು ಸಿಸ್ಟರ್ ಸೆವ್ರಿನ್‌ಗೆ ಹೇಳುತ್ತಿದ್ದಂತೆ ಮಿಸ್ ಮಾರ್ಲೀನ್ ಒಳಗೆ ಬಂದರು. ನಾನು ಮನಸ್ಸಿನಲ್ಲಿ ಯಾರನ್ನು ಚಿತ್ರಿಸಿಕೊಂಡಿದ್ದೆನೋ ಹೇಳಲು ನಾಚಿಕೆ. ಬಂದವರು ಇಸ್ತ್ರಿಯಾದ ಬಿಳಿ ಅಂಗಿ, ಕಡುನೀಲಿ ಸ್ಕರ್ಟು, ಕೊರಳಲ್ಲಿ ಓದುಗನ್ನಡಕದ ಸರಪಳಿ ಧರಿಸಿದ, ನಮ್ಮ ಊರಿನ ಯಾವ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸಾದರೂ ಆಗಬಹುದಾಗಿದ್ದ ಮಹಿಳೆ. ಅವರು ಲಂಗವನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಅತ್ಯಂತ ಗೌರವದಿಂದ ಇಂಗ್ಲಿಷಿನಲ್ಲಿ ಕೇಳಿದರು:

"ಚೆನ್ನಾಗಿದೆ. ಇದನ್ನು ಯಾರು ಹಾಕಿಕೊಳ್ಳುತ್ತಾರೆ, ಸಿಸ್ಟರ್? ನೀವಾ?"

ಸಿಸ್ಟರ್ ಬೆನೆಡಿಕ್ಟಾ ಕೆಂಪಾದದ್ದನ್ನು ಕಂಡವರು ಕರಾವಳಿಯಲ್ಲಿ ಅಪರೂಪ. ಸೆವ್ರಿನ್ ಸದ್ದಿಲ್ಲದೆ ಲಂಗವನ್ನು ಮಡಚಿ ತನ್ನ ಚೀಲಕ್ಕೆ ಸೇರಿಸಿದಳು. ಅದು ಅಲ್ಲಿಂದ ನಮ್ಮ ಮನೆಗೆ ಬಂತು. ಮತ್ತೆ ಯಾರೂ ಕೇಳಲಿಲ್ಲ.

"ಹಾಗಾದ್ರೆ ಎಂತ ಮಾಡುವ ಮಿಸ್? ಬಣ್ಣ ಬೇಡ, ಡ್ಯಾನ್ಸ್ ಬೇಡ. ಪಾಲಿಟಿಕ್ಸ್ ಅಂತೂ ಬೇಡವೇ ಬೇಡ," ಎಂದರು ಸಿಸ್ಟರ್, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ.

ಆಗ ಮಿಸ್ ಮಾರ್ಲೀನ್ ತಮ್ಮ ಬೇಡಿಕೆಯನ್ನು ಹೇಳಿದರು. ಅವರ ಅಜ್ಜಿಯನ್ನು ಎಳವೆಯಲ್ಲೇ ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗಿ ಸಿಸ್ಟರುಗಳು ನಡೆಸುತ್ತಿದ್ದ ಒಂದು ಮಿಷನ್ ಶಾಲೆಗೆ ಹಾಕಿದ್ದರು. ಅಲ್ಲಿ ಮನೆಮಾತು ಆಡಿದರೆ ಶಿಕ್ಷೆ. ಅಜ್ಜಿ ಆ ಮಾತನ್ನು ಎಲ್ಲೋ ಬಚ್ಚಿಟ್ಟುಕೊಂಡು ಮುದುಕಿಯಾದರು. ಅವರು ಸಾಯುವಾಗ ಮೊಮ್ಮಗಳ ಬಳಿ ಪೂರ್ಣವಾಗಿ ಉಳಿದಿದ್ದದ್ದು ಒಂದೇ ಒಂದು ವಾಕ್ಯ. "ಅದನ್ನು ಒಂದು ಕಥೋಲಿಕ ಶಾಲೆಯಲ್ಲಿ, ಮುಂದಿನ ಸಾಲಿನಲ್ಲಿ ಒಬ್ಬ ಸಿಸ್ಟರ್ ಕುಳಿತಿರುವಾಗ, ಗಟ್ಟಿಯಾಗಿ ಹೇಳಬೇಕು. ಅಷ್ಟೇ. ಜುಲೈಗೆ ನನ್ನ ಕರಾರು ಮುಗಿಯುತ್ತದೆ. ಊರಿಗೆ ಹೋದ ಮೇಲೆ ಹೇಳುವುದು ಬೇರೆ, ಇಲ್ಲಿ ಹೇಳುವುದು ಬೇರೆ."

ನಾನು ಜೇಬಿನಿಂದ ಪುಸ್ತಕ, ಪೆನ್ನು ತೆಗೆದೆ. ಅವರು ನನ್ನ ಕೈಯನ್ನು ನೋಡಿದರು.

"ಬರೆದುಕೊಳ್ಳಬೇಡಿ, ಪ್ರೊಫೆಸರ್. ನಮ್ಮ ಅಜ್ಜಿಯ ಬಗ್ಗೆ ಬರೆದುಕೊಂಡವರು ಬಹಳ ಮಂದಿ. ಅವಳ ಮಾತು ಕೇಳಿಸಿಕೊಂಡವರು ಕಡಿಮೆ."

ಪೆನ್ನಿನ ಮುಚ್ಚಳ ಹಾಕಿದೆ. ನನಗೆ ನಮ್ಮ ಊರಿನ ಫಾದರುಗಳ ಶಾಲೆಯ ಮರದ ಬಿಲ್ಲೆ ನೆನಪಾಯಿತು. ಐದನೆಯ ತರಗತಿಯಿಂದ ಇಂಗ್ಲಿಷನ್ನೇ ಆಡಬೇಕು. ತುಳುವೋ ಕೊಂಕಣಿಯೋ ಬಾಯಿಂದ ಜಾರಿದರೆ ಕೊರಳಿಗೆ ಬಿಲ್ಲೆ. ಬಿಲ್ಲೆ ಹೊತ್ತವನು ಇನ್ನೊಬ್ಬ ಅಪರಾಧಿಯನ್ನು ಹಿಡಿದು ಅವನ ಕೊರಳಿಗೆ ದಾಟಿಸಬಹುದು. ಸಂಜೆಯ ಗಂಟೆಗೆ ಯಾರ ಕೊರಳಲ್ಲಿದೆಯೋ ಅವನಿಗೆ ಬೆತ್ತ. ನನ್ನ ಪಕ್ಕದ ಸಂಜೀವನೆಂಬವನು ಇದಕ್ಕೊಂದು ಶಾಸ್ತ್ರೀಯ ವಿಧಾನ ಕಂಡುಹಿಡಿದಿದ್ದ. ಗಂಟೆ ಹೊಡೆಯುವ ಸ್ವಲ್ಪ ಮೊದಲು ಬೆಂಚಿನ ಕೆಳಗಿನಿಂದ ತೊಡೆಯನ್ನು ಚಿವುಟುವುದು. ಎಂಥ ಇಂಗ್ಲಿಷ್ ಪಂಡಿತನಾದರೂ "ಅಯ್ಯೋ ಅಪ್ಪೇ!" ಎಂದು ತುಳುವಿನಲ್ಲೇ ತಾಯಿಯನ್ನು ಕೂಗುತ್ತಿದ್ದ. ನಾನು ಚಿವುಟಿಸಿಕೊಂಡೂ "ಓ ಮದರ್!" ಎನ್ನಲು ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದೆ. ಆಗಲಿಲ್ಲ. ಅಜ್ಜಿಗೆ ಇದನ್ನು ಹೇಳಿದಾಗ ಅವಳು ತಾನೇ ಒಮ್ಮೆ ಚಿವುಟಿ ಪರೀಕ್ಷಿಸಿ, "ನೋವಿಗೆ ಇಂಗ್ಲಿಷ್ ಬರುವುದಿಲ್ಲ ಬಾಳಾ," ಎಂದಿದ್ದಳು. ನಮಗದು ಸಂಜೆಯವರೆಗಿನ ಆಟ. ಸಂಜೆಯಾದರೆ ಮನೆ ಇತ್ತು, ಅಜ್ಜಿ ಇದ್ದಳು. ಮಿಸ್ ಮಾರ್ಲೀನ್ ಅವರ ಅಜ್ಜಿಗೆ ಸಂಜೆಯಾದರೆ ಹೋಗಲು ಮನೆಯಿರಲಿಲ್ಲ.

ಬೇಡಿಕೆ ಸರಳವಾಗಿತ್ತು, ಷರತ್ತು ಮಾತ್ರ ಕಠಿಣ. "ನಮ್ಮಲ್ಲಿ ಇನ್ನೊಬ್ಬರ ನೆಲದಲ್ಲಿ ನಿಂತು ಹಾಗೆಯೇ ಮಾತಾಡುವ ಕ್ರಮವಿಲ್ಲ. ಆ ನೆಲದವರು ಯಾರಾದರೂ 'ಬಾ' ಎನ್ನಬೇಕು. ಅನ್ನುವವರೆಗೆ ನಾನು ಸಭೆಯ ಬಾಗಿಲು ದಾಟುವುದಿಲ್ಲ," ಎಂದು ಹೇಳಿ ಅವರು ತರಗತಿಗೆ ಹೋದರು.

"ಅದಕ್ಕೆಂತ, ನಾನೇ 'ಬಾ' ಅಂತೇನೆ," ಎಂದರು ಸಿಸ್ಟರ್. ನಂತರ ತಮ್ಮ ವೀಸಾ ನೆನಪಾಗಿರಬೇಕು, ನನ್ನ ಕಡೆ ತಿರುಗಿದರು. "ಸರ್, ನಮ್ಮ ಶಾಲೆಯಲ್ಲಿ ಈ ನೆಲದವರು ಅಂತ ಯಾರುಂಟು?"

ನಾವು ಒಬ್ಬೊಬ್ಬರನ್ನೇ ಪರಿಶೀಲಿಸಿದೆವು. ಅರಬ್ಬಿ ಕಲಿಸುವ ಮೇಷ್ಟ್ರು ಈಜಿಪ್ಟಿನವರು. ಸರಕಾರಿ ಕಚೇರಿಗಳಿಗೆ ಓಡಾಡುವವನು ಕೇರಳದವನು. ಬಸ್ಸಿನ ಡ್ರೈವರ್ ಪೇಶಾವರದವನು, ಗೇಟಿನವನು ನೇಪಾಳದವನು. "ಕ್ಯಾಂಟೀನಿನ ಹಿಂದೆ ಒಂದು ಬೆಕ್ಕುಂಟು," ಎಂದಳು ಸೆವ್ರಿನ್. "ಅದೊಂದೇ ಇಲ್ಲಿ ವೀಸಾ ಇಲ್ಲದೆ ಇರುವುದು." ಮನೆಗೆ ಬಂದಾಗ ರಿಯಾ ಕೈಯೆತ್ತಿದಳು: "ಗ್ರ್ಯಾಂಡ್‌ಪಾ, ಐ ವಾಸ್ ಬಾರ್ನ್ ಹಿಯರ್! ಐ ಕ್ಯಾನ್ ಸೇ ವೆಲ್ಕಮ್!" ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲೇ, ನಿಜ; ಆದರೆ ಅವಳ ಪಾಸ್‌ಪೋರ್ಟು ನಮ್ಮದು, ವೀಸಾ ಅಪ್ಪನ ಕೆಲಸಕ್ಕೆ ಅಂಟಿಕೊಂಡದ್ದು. ಹನ್ನೊಂದು ವರ್ಷದ ಹುಡುಗಿಗೆ ನೀನು ಹುಟ್ಟಿದ ಊರು ನಿನ್ನ ಊರಲ್ಲವೆಂದು ವಿವರಿಸುವ ಕೆಲಸವನ್ನು ನಾನು ಅವಳಮ್ಮನಿಗೆ ಬಿಟ್ಟೆ. ಅವಳಮ್ಮ ಅದನ್ನು ಐಸ್‌ಕ್ರೀಮಿಗೆ ಬಿಟ್ಟಳು.

ನಾನಂತೂ ಇದನ್ನು ವಿದ್ವತ್ತಿನ ಮೂಲಕವೇ ಬಗೆಹರಿಸಲು ಹೊರಟೆ. ಈ ತೀರಕ್ಕೆ ಯಾವ ಕಾಲದಲ್ಲಿ ಯಾರು ಬಂದರೆಂದು ಗ್ರಂಥಗಳನ್ನು ಓದಿದೆ. ಓದಿದಂತೆಲ್ಲ ಮೊದಲಿಗರು ಇನ್ನೂ ಹಿಂದಕ್ಕೆ ಸರಿಯುತ್ತಾ ಹೋದರು. ಹಾಗೆ ನೋಡಿದರೆ ನಮ್ಮನ್ನೇ ಕೇಳಬೇಕು. ನಮ್ಮ ಹಿರಿಯರು ಗೋವೆಯಿಂದ ತೆಂಕಣಕ್ಕೆ ಇಳಿದವರು. ಅವರಿಗೆ ಯಾರು 'ಬಾ' ಎಂದರು? ದಾಖಲೆ ಇಲ್ಲ. ಆದರೆ ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬದಂದು ಇಗರ್ಜಿಯಿಂದ ಹೊಸ ತೆನೆ ಮನೆಗೆ ಬಂದ ಮೇಲೆ ನನ್ನ ಅಜ್ಜಿ ನೆರೆಮನೆಯ ಶೆಟ್ಟರ ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ಸೇರು ಅಕ್ಕಿ ಕೊಟ್ಟು, "ಜಾಗದವರಿಗೆ ಮುಟ್ಟಿಸಿ," ಎನ್ನುತ್ತಿದ್ದಳು. ಜಾಗದವರೆಂದರೆ ಆ ಹಿತ್ತಿಲ ದೈವ. ನಮಗಿಂತ ಮೊದಲು ಅಲ್ಲಿದ್ದವರು. ಜಪಸರ ಬಿಡದ ಹೆಂಗಸು ಅವಳು. "ಇದು ಫಾದರಿಗೆ ಗೊತ್ತುಂಟಾ ಅಜ್ಜಿ?" ಎಂದು ಕೇಳಿದ್ದಕ್ಕೆ, "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ," ಎಂದಿದ್ದಳು. ಬಾಡಿಗೆಗೆ ಇರುವವರ ಸೌಜನ್ಯ ಅವಳಲ್ಲಿ ಕೊನೆಯವರೆಗೂ ಇತ್ತು; ಪಟ್ಟಾ ಅವಳ ಹೆಸರಿನಲ್ಲೇ ಇದ್ದರೂ.

ನಾನು ಹೀಗೆ ಶತಮಾನಗಳಲ್ಲಿ ಅಲೆಯುತ್ತಿರುವಾಗ ಸೆವ್ರಿನ್ ನೈಫ್ ಎಂಬ ಹಳೆಯ ಪೇಟೆಗೆ ಹೋಗಿ ಬಂದಳು. ರಿಯಾಳ ಫ್ರಾಕಿಗೆ ಲೇಸು ಬೇಕಿತ್ತು. ಆ ಲೇಸಿನ ಅಂಗಡಿಯಲ್ಲಿ ಅವಳಿಗೆ ಒಬ್ಬ ಹಳೆಯ ಪ್ರತಿಸ್ಪರ್ಧಿ ಇದ್ದರು. ಉಮ್ ಸಯೀದ್, ಅಂದರೆ ಸಯೀದನ ತಾಯಿ. ಆ ಪೇಟೆಯಿರುವ ದೇರಾ ಭಾಗದ ಹಳೆಯ ಮನೆತನದ ಮುದುಕಿ. ಮೂಗಿನ ಮೇಲೆ ಹೊಂಬಣ್ಣದ ಮುಖಪಟ್ಟಿ, ಅದರ ಹಿಂದೆ ಬೆಲೆಯನ್ನು ಅಳೆಯುವ ಎರಡು ಕಣ್ಣು. ಗಂಡನ ಹಡಗು ಬೊಂಬಾಯಿಗೆ ಹೋಗಿಬರುತ್ತಿದ್ದ ಕಾಲದಿಂದ ಅವರಿಗೆ ಹಿಂದಿ ಬರುತ್ತಿತ್ತು. ಸೆವ್ರಿನ್‌ಳ ಹಿಂದಿಯೂ ಅಷ್ಟೇ ಶಿಥಿಲವಾಗಿದ್ದುದರಿಂದ ಇಬ್ಬರೂ ಒಂದೇ ಬಟ್ಟೆಯ ಥಾನಿಗಾಗಿ ಜಗಳವಾಡಿ ಸ್ನೇಹಿತರಾಗಿದ್ದರು.

"ಹೇಳಿದೆ ಅವರಿಗೆ. ಬರ್ತಾರಂತೆ," ಎಂದಳು ಸೆವ್ರಿನ್, ಲೇಸಿನ ಪೊಟ್ಟಣ ಬಿಚ್ಚುತ್ತಾ. "ಶಾಲೆ ಕ್ರಿಶ್ಚಿಯನ್ನರದ್ದು, ಆದೀತಾ ಕೇಳಿದೆ. 'ಮರಿಯಮ್‌ಳ ಶಾಲೆ ತಾನೇ, ಅವಳು ನಮಗೂ ಬೇಕಾದವಳು, ಯಲ್ಲಾ, ಬರ್ತೇನೆ' ಅಂದ್ರು."

ನಾನು ಮೂಲ ಪರಿಶೀಲಿಸದೆ ಬಿಡುವವನೇ? ಮುಂದಿನ ಸಲ ನಾನೂ ನೈಫ್‌ಗೆ ಹೋಗಿ, ಎಷ್ಟು ತಲೆಮಾರಿನಿಂದ ಇಲ್ಲಿದ್ದೀರೆಂದು ವಿನಯದಿಂದ ಕೇಳಿದೆ. ಉಮ್ ಸಯೀದ್ ಮುಚ್ಚುಮರೆಯಿಲ್ಲದೆ, ತನ್ನ ಅಜ್ಜಿ ಸಮುದ್ರದ ಆಚೆ ದಡದಿಂದ ದೋಣಿಯಲ್ಲಿ ಬಂದವಳೆಂದು ಹೇಳಿದರು. ಮೂಲನಿವಾಸಿಯೆಂದು ನಾವು ಹಿಡಿದುತಂದವರೂ ವಲಸೆಯವರೇ! ಈ ಗಂಭೀರ ಆಕ್ಷೇಪವನ್ನು ನಾನು ಮಿಸ್ ಮಾರ್ಲೀನ್ ಅವರ ಮುಂದಿಟ್ಟೆ.

"ಅವರ ಅಜ್ಜಿ ಬಂದಾಗ ಯಾರಾದರೂ 'ಬಾ' ಅಂದಿದ್ದರಂತಾ?" ಎಂದು ಅವರು ಕೇಳಿದರು.

ನಾನು ಸೆವ್ರಿನ್‌ಳಿಂದ ಫೋನು ಮಾಡಿಸಿದೆ. ಉತ್ತರ ಬಂತು: ಹೌದು, ದಡದಲ್ಲಿ ಒಬ್ಬ ಹೆಂಗಸು 'ತಫದ್ದಲಿ, ಒಳಗೆ ಬಾ' ಎಂದು ಕರೆದು ಸಿಹಿನೀರು ಕೊಟ್ಟಿದ್ದಳು, ಅವಳ ಹೆಸರು ನಮ್ಮ ಮನೆಯಲ್ಲಿ ಇನ್ನೂ ಹೇಳುತ್ತೇವೆ.

"ಹಾಗಾದರೆ ಸಾಕು," ಎಂದರು ಮಿಸ್ ಮಾರ್ಲೀನ್. "ಕರೆಸಿಕೊಂಡವರು ಕರೆಯಬಹುದು. ಪ್ರೊಫೆಸರ್, ನಿಮಗೆ ಬೇಕಾದದ್ದು ಮೊದಲಿಗರು. ನನಗೆ ಬೇಕಾದದ್ದು ಬಾಗಿಲು ತೆರೆಯುವವರು."

ಮೇಲೆ ಹೇಳಿದ ಆ ಬುಧವಾರ ಬೆಳಿಗ್ಗೆ ಹಾಲಿನ ತುಂಬ ಮಕ್ಕಳು. ಮುಂದಿನ ಸಾಲಿನ ನಡುವೆ ಸಿಸ್ಟರ್ ಬೆನೆಡಿಕ್ಟಾ. ಮಿಸ್ ಮಾರ್ಲೀನ್ ಹೊಸಿಲ ಆಚೆ, ಎಸಿಯ ತಂಪು ತಲುಪದ ಪಡಸಾಲೆಯಲ್ಲಿ, ಬೆವರುತ್ತ ನಿಂತಿದ್ದರು. ಒಳಗೆ ಬಂದು ಕುಳಿತುಕೊಳ್ಳಿರೆಂದರೆ ತಲೆಯಲ್ಲಾಡಿಸಿದರು. ಸೆವ್ರಿನ್ ಮತ್ತು ಉಮ್ ಸಯೀದ್ ಬರುತ್ತಿದ್ದ ಕಾರು ಸೇತುವೆಯ ಮೇಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಮುಂದಿನ ಪಿರಿಯಡ್ಡಿಗೆ ಪರೀಕ್ಷೆ ಇತ್ತು.

"ಪರೀಕ್ಷೆ ನಾನು ತಡೆಹಿಡಿಯಲಿಕ್ಕೆ ಆಗುವುದಿಲ್ಲ. ಅವರು ಬರದಿದ್ದರೆ ಖಲಾಸ್, ಇನ್ನೊಂದು ದಿನ ಸಿಗುವುದಿಲ್ಲ," ಎಂದು ಪಿಸುಗುಟ್ಟಿದ ಸಿಸ್ಟರ್, ಹತಾಶೆಯಲ್ಲಿ ನನ್ನ ಕಡೆ ತಿರುಗಿದರು. "ಸರ್, ಅಷ್ಟರವರೆಗೆ ನೀವು ಎಂತಾದ್ರೂ ಮಾತಾಡಿ."

ವಿದ್ವಾಂಸನ ಬಾಳಿನಲ್ಲಿ ಇಂಥ ಆಹ್ವಾನ ಅಪರೂಪ. ನಾನು ವೇದಿಕೆಯೇರಿ ೧೯೬೭ರಿಂದ ಆರಂಭಿಸಿದೆ. ೨೦೦೮ರ ಫೆಬ್ರವರಿ ಹದಿಮೂರರಂದು ಆಸ್ಟ್ರೇಲಿಯಾದ ಸಂಸತ್ತು, ಹಾಗೆ ಮಡಿಲಿನಿಂದ ಎತ್ತಿಕೊಂಡು ಹೋದ ಮಕ್ಕಳ ಕ್ಷಮೆ ಕೇಳಿದ್ದು ಬುಧವಾರವೆಂಬುದನ್ನು ಒತ್ತಿ ಹೇಳಿದೆ. ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗ ಮಲಗಿದ. ರಿಯಾ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ನಾನು ಅಡಿಟಿಪ್ಪಣಿಯೊಂದಕ್ಕೆ ತಲುಪುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಸೆವ್ರಿನ್‌ಳ ಸೀರೆ ಕಾಣಿಸಿತು. ಅದರ ಹಿಂದೆ ಕಪ್ಪು ಅಬಾಯ, ಒಂದು ಕೈಯಲ್ಲಿ ಕಾಫಿಯ ಥರ್ಮಾಸು, ಇನ್ನೊಂದರಲ್ಲಿ ಖರ್ಜೂರದ ಡಬ್ಬಿ.

ವೇದಿಕೆಗೆ ಬನ್ನಿರೆಂದು ಸಿಸ್ಟರ್ ಕರೆದರು. ಉಮ್ ಸಯೀದ್ ಒಪ್ಪಲಿಲ್ಲ. ಯಾರಾದರೂ ವೇದಿಕೆಯ ಮೇಲೆ ನಿಂತು ಮನೆಗೆ ಕರೆಯುತ್ತಾರೆಯೇ? ಅವರು ಬಾಗಿಲಿನ ಒಳಗೆ ನಿಂತರು, ಮಿಸ್ ಮಾರ್ಲೀನ್ ಹೊರಗೆ. ಮಕ್ಕಳೆಲ್ಲ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಇಬ್ಬರ ನಡುವೆ, ಹಿಂದಿಯಿಂದ ಇಂಗ್ಲಿಷಿಗೆ ಸೇತುವೆಯಾಗಿ, ನಾನು.

"ಆವೋ ಬೇಟಿ, ಅಂದರ್ ಆವೋ," ಎಂದರು ಉಮ್ ಸಯೀದ್. ನಾನು ಅನುವಾದಿಸಿದೆ. ಮಿಸ್ ಮಾರ್ಲೀನ್ ಹೊಸಿಲು ದಾಟಿದರು.

"ಕೌನ್ ಮುಲುಕ್?" ಎಂಬ ಪ್ರಶ್ನೆ ಬಂತು. ಆಸ್ಟ್ರೇಲಿಯಾ ಎಂದಾಗ ಮುದುಕಿಯ ಕಣ್ಣುಗಳು ಅರಳಿದವು. "ಅಚ್ಛಾ! ಭೇಡ್!" ಎಂದರು. ಆ ದೇಶದಿಂದ ಹಡಗಿನಲ್ಲಿ ಬರುವ ಕುರಿಗಳು ಮಾತ್ರ ಅವರಿಗೆ ಪರಿಚಿತ. ಇದನ್ನೂ ನಾನು ಸಾಧ್ಯವಾದಷ್ಟು ಗೌರವಯುತವಾಗಿ ಅನುವಾದಿಸಿದೆ. ಮಿಸ್ ಮಾರ್ಲೀನ್ ಮನಸಾರೆ ನಕ್ಕರು.

ನಂತರ ಅವರು ನಡುದಾರಿಯಲ್ಲಿ ನಡೆದುಹೋಗಿ, ಸಿಸ್ಟರ್ ಬೆನೆಡಿಕ್ಟಾ ಅವರ ಎದುರಿಗೆ ನಿಂತು, ಕೈಗಳನ್ನು ಕೆಳಗಿಳಿಸಿ, ಆ ವಾಕ್ಯವನ್ನು ಹೇಳಿದರು. ಚಿಕ್ಕ ವಾಕ್ಯ. ಮೊದಲು ಏರಿ, ಆಮೇಲೆ ತಟ್ಟನೆ ಇಳಿಯುವ ದನಿ. ಆ ಹಾಲಿನಲ್ಲಿ ಅದರ ಅರ್ಥ ತಿಳಿದವರು ಅವರೊಬ್ಬರೇ. ಸಿಸ್ಟರ್, ಸುವಾರ್ತೆ ಓದುವಾಗ ಏಳುವಂತೆ, ಎದ್ದು ನಿಂತರು. ಅವರು ಎದ್ದದ್ದು ಕಂಡು ಮಕ್ಕಳೂ ಎದ್ದರು. ಆಮೇಲೆ, ಅರ್ಥವಾಗದ ಭಾಷೆಯಲ್ಲಿ ಗಂಭೀರವಾಗಿ ಏನನ್ನಾದರೂ ಹೇಳಿದರೆ ಕಥೋಲಿಕರು ಹುಟ್ಟಿನಿಂದ ಏನು ಮಾಡುತ್ತ ಬಂದಿದ್ದಾರೋ ಅದನ್ನೇ ಮಾಡಿತು ಇಡೀ ಸಭೆ:

"ಆಮೆನ್!"

ಈ ಆಮೆನ್ ಮೊದಲು ಯಾರ ಬಾಯಿಂದ ಹೊರಟಿತೆಂಬುದು ನಮ್ಮ ಮನೆಯ ಎರಡನೆಯ ವಿವಾದ. ಉಮ್ ಸಯೀದ್ ಎಂಬುದು ನನ್ನ ಖಚಿತ ನೆನಪು. ಅವರಲ್ಲೂ 'ಆಮೀನ್' ಉಂಟು. ಸಿಸ್ಟರ್ ಎಂಬುದು ಸೆವ್ರಿನ್‌ಳ ಪಕ್ಷ.

ಮಕ್ಕಳು ಪರೀಕ್ಷೆಗೆ ಹೋದ ಮೇಲೆ ಉಮ್ ಸಯೀದ್ ಸಿಸ್ಟರ್ ಕೋಣೆಯಲ್ಲಿ ಎಲ್ಲರಿಗೂ ಏಲಕ್ಕಿ ಕಾಫಿ ಬಗ್ಗಿಸಿದರು. ಸಿಸ್ಟರ್ ಕಣ್ಣೊರೆಸಿಕೊಂಡು ಕೇಳಿದರು: "ಮಿಸ್, ಅದು ಎಂತ ಪ್ರಾರ್ಥನೆ?"

"ಪ್ರಾರ್ಥನೆಯಾ?" ಮಿಸ್ ಮಾರ್ಲೀನ್ ಲೋಟವನ್ನು ಕೆಳಗಿಟ್ಟರು. "ಅಜ್ಜಿ ಪ್ರಾರ್ಥನೆ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳ ಮಾತು ಹೊರಗೆ ಬರುತ್ತಿದ್ದದ್ದು ನಮ್ಮನ್ನು ಬೈಯುವಾಗ ಮಾತ್ರ. 'ಮೊದಲು ಆ ಕೊಳಕು ಕಾಲು ತೊಳೆದುಕೋ, ಆಮೇಲೆ ತಿನ್ನಲಿಕ್ಕೆ ಕೊಡುತ್ತೇನೆ.' ಅಷ್ಟೇ."

ಸೆವ್ರಿನ್ ಇದನ್ನು ಹಿಂದಿಯಲ್ಲಿ ಹೇಳಿದಾಗ ಉಮ್ ಸಯೀದ್ ಮುಖಪಟ್ಟಿಯೇ ಜಾರುವಂತೆ ನಕ್ಕು, ತನ್ನ ಅಮ್ಮನೂ ಮರಳಿನ ಕಾಲು ನೋಡಿ ಇದನ್ನೇ ಹೇಳುತ್ತಿದ್ದಳೆಂದರು. ಸಿಸ್ಟರ್ ನಗಲಿಲ್ಲ. ಎದ್ದು ನಿಂತರು.

"ಮಿಸ್, ಆ ಕಾಲದ ನಮ್ಮ ಸಿಸ್ಟರ್‌ಗಳು ನಿಮ್ಮ ಅಜ್ಜಿಗೆ ಮಾಡಿದ್ದಕ್ಕೆ, ಅವರ ಪರವಾಗಿ, ನಾನು…"

ಮಿಸ್ ಮಾರ್ಲೀನ್ ಒಂದು ಖರ್ಜೂರ ಎತ್ತಿಕೊಂಡು, ಕೊಡದೆ ಹಿಡಿದು ಕೇಳಿದರು: "ಕಾಲು ತೊಳೆದಿದ್ದೀರಾ, ಸಿಸ್ಟರ್?"

"ನಮ್ಮ ಇಗರ್ಜಿಯಲ್ಲಿ ಕಾಲು ತೊಳೆಯುವುದು ಈಸ್ಟರಿನ ಮೊದಲಿನ ಪವಿತ್ರ ಗುರುವಾರ ಮಾತ್ರ," ಎಂದರು ಸಿಸ್ಟರ್, ಅಳುತ್ತಲೇ. ಆಮೇಲೆ ಇಬ್ಬರೂ ನಕ್ಕರು. ಖರ್ಜೂರ ಕೈ ದಾಟಿತು. ಸಿಸ್ಟರ್ ಅಜ್ಜಿಯ ಹೆಸರು ಕೇಳಿಕೊಂಡು, ಶುಕ್ರವಾರದ ಪೂಜೆಯಲ್ಲಿ ಆ ಹೆಸರನ್ನು ನೆನೆಯುವಂತೆ ಏರ್ಪಾಟು ಮಾಡಿದರು. ಜುಲೈಯಲ್ಲಿ ಮಿಸ್ ಮಾರ್ಲೀನ್ ಊರಿಗೆ ಹೋದರು.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಲವೀನಾಳ ಹಳೆಯ ಮೊಬೈಲು ಸಿಕ್ಕಿತು. ಎಲೆಯ ಲಂಗವಿದ್ದ ಹಲಗೆಯಲ್ಲೇ ಇತ್ತು. ಆ ದಿನ ಹಾಲಿನ ಮೂಲೆಯಲ್ಲಿ ನಿಂತು ಅವಳು ತೆಗೆದ ಎರಡು ವೀಡಿಯೊಗಳು ಅದರಲ್ಲಿವೆ. ಸಂಶೋಧನೆಯ ಶಿಸ್ತಿಗೆ ಬದ್ಧನಾಗಿ ಅವುಗಳ ವಿವರವನ್ನು ಇಲ್ಲಿ ಕೊಡುತ್ತಿದ್ದೇನೆ.

ಕಡತದ ದಿನಾಂಕ ಮೇ ಇಪ್ಪತ್ತೆಂಟು. ಗುರುವಾರ.

ಮೊದಲನೆಯ ವೀಡಿಯೊದಲ್ಲಿ ಬಾಗಿಲು ಕಾಣುತ್ತದೆ. ಉಮ್ ಸಯೀದ್ ಕೈಚಾಚುತ್ತಾರೆ. "ಆವೋ" ಎಂಬ ಮಾತು ಪೂರ್ತಿಯಾಗುವ ಮೊದಲೇ ಮಿಸ್ ಮಾರ್ಲೀನ್ ಹೊಸಿಲು ದಾಟಿಯಾಗಿದೆ. "ಭೇಡ್" ಎಂದವರು ತಾವೇ "ಬ್ಯಾ" ಎಂದು ಕೂಗಿ ತೋರಿಸಿದ್ದಾರೆ. ನಗು ಅದಕ್ಕೇ ಬಂದದ್ದು. ಅನುವಾದಕನೊಬ್ಬ ಹಿಂದೆ ತುಟಿಯಲ್ಲಾಡಿಸುತ್ತಿದ್ದಾನೆ. ಯಾರೂ ಅವನ ಕಡೆ ನೋಡುತ್ತಿಲ್ಲ.

ಎರಡನೆಯದರಲ್ಲಿ ಆ ವಾಕ್ಯ ಇಲ್ಲ. ಹಿಡಿದಿಡಬೇಡಿರೆಂದು ಮಿಸ್ ಮಾರ್ಲೀನ್ ಕೇಳಿಕೊಂಡಿದ್ದರಿಂದ ಲವೀನಾ ಚಿತ್ರೀಕರಣ ನಿಲ್ಲಿಸಿ, ಅದು ಮುಗಿದ ಕೂಡಲೇ ಮತ್ತೆ ಒತ್ತಿದ್ದಾಳೆ. ಸಿಸ್ಟರ್ ಆಗಲೇ ಎದ್ದು ನಿಂತಿದ್ದಾರೆ, ಬಾಯಿ ಮುಚ್ಚಿದೆ. ಉಮ್ ಸಯೀದ್ ಬಾಗಿಲಲ್ಲಿ, ಸುಮ್ಮನೆ. ಆ ಮೌನದಲ್ಲಿ ಮೊದಲು ಕೇಳಿಸುವ ಆಮೆನ್ ಒಂಟಿ ಆಮೆನ್. ಗಂಡಸಿನದು, ಮುದಿ ದನಿ, ಸ್ವಲ್ಪ ಬಿರುಕು ಬಿಟ್ಟದ್ದು. ಆ ಅನುವಾದಕನ ಕೈಯಲ್ಲಿ ಮುಚ್ಚಳ ಹಾಕಿದ ಪೆನ್ನಿದೆ.

ನನ್ನ ಬರಹಗಳನ್ನು ಸೆವ್ರಿನ್ ಎಂದೂ ಕೊನೆಯವರೆಗೆ ಓದಿದವಳಲ್ಲ. ಈ ದಾಖಲೆಯನ್ನು ಕೊನೆಗೆ ಇಟ್ಟಿರುವುದು ಅದಕ್ಕೇ. ಮೊದಲ ಸಾಲಿನ ಬುಧವಾರ ಹಾಗೆಯೇ ಇರಲಿ.